ತೆರೆಯ ಮೇಲೆ ಅರಚುವ ‘ವೈರಸ್’

ಮಗ ಕಂಪ್ಯೂಟರಿನಲ್ಲಿ ಪಾಠ ಹುಡುಕುತ್ತಿರುವಾಗ ಇದ್ದಕ್ಕಿದ್ದಂತೆ ತೆರೆ ತುಂಬ ಕೆಂಪು ಎಚ್ಚರಿಕೆ, ಜೊತೆಗೆ ಸೈರನ್ ಸದ್ದು: ‘ವೈರಸ್ ಹೊಕ್ಕಿದೆ, ಕೂಡಲೇ ಈ ನಂಬರಿಗೆ ಫೋನ್ ಮಾಡಿ!’ ಮನೆಮಂದಿಗೆಲ್ಲ ಗಾಬರಿ.

ಅದು ವೈರಸ್ ಅಲ್ಲ, ಬರೀ ಒಂದು ವೆಬ್ ಪುಟ. ಬ್ರೌಸರಿನಲ್ಲಿ ತೆರೆದುಕೊಂಡ ಪುಟಕ್ಕೆ ನಿಮ್ಮ ಹಾರ್ಡ್ ಡಿಸ್ಕ್ ಜಾಲಾಡಿ ವೈರಸ್ ಪತ್ತೆಮಾಡುವ ಶಕ್ತಿಯೇ ಇಲ್ಲ. ತೆರೆ ತುಂಬಿಕೊಂಡು ಸದ್ದು ಮಾಡಬಲ್ಲದು, ಅಷ್ಟೆ.

ಅಪಾಯ ಶುರುವಾಗುವುದು ಫೋನ್ ಮಾಡಿದ ಮೇಲೆ. ಆ ಕಡೆಯವರು ‘ರಿಪೇರಿ’ಗೆಂದು ಒಂದು ತಂತ್ರಾಂಶ ಹಾಕಿಸುತ್ತಾರೆ. ಆಮೇಲೆ ಅವರು ಕುಳಿತಲ್ಲಿಂದಲೇ ನಿಮ್ಮ ಮೌಸ್ ಆಡಿಸಬಹುದು, ನೀವು ತೆರೆದ ಬ್ಯಾಂಕಿನ ಪುಟವನ್ನೂ ನೋಡಬಹುದು. ಮಗಳ ಕಾಲೇಜು ಫೀಸಿಗೆಂದು ಕೂಡಿಟ್ಟ ಹಣ ಹೋಗುವುದು ಹೀಗೆ.

ವಿಂಡೋಸ್ ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ; ಅದರಲ್ಲಿ ಬ್ರೌಸರಿನ ಹೆಸರು ಆರಿಸಿ ‘ಎಂಡ್ ಟಾಸ್ಕ್’ ಒತ್ತಿ. ಮತ್ತೆ ತೆರೆದಾಗ ಹಳೆಯ ಪುಟ ಬೇಕೇ ಎಂದು ಕೇಳಿದರೆ ಬೇಡವೆನ್ನಿ.

ಹಣ ಹೋಗಿಯೇಬಿಟ್ಟಿದ್ದರೆ ಇಂಟರ್‌ನೆಟ್ ಸಂಪರ್ಕ ತಪ್ಪಿಸಿ, ಬ್ಯಾಂಕಿಗೂ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ತಕ್ಷಣ ತಿಳಿಸಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟುತ್ತಾ ಹೋಗುತ್ತದೆ. ಅಪ್ಪನ ಬೈಗುಳಕ್ಕೆ ಹೆದರಿ ಮಕ್ಕಳು ಬಾಯಿ ಬಿಡದೆ ಕುಳಿತುಕೊಳ್ಳುವುದು ಸರಿಯಾಗಿ ಆ ಹೊತ್ತಿನಲ್ಲೇ.