ಈಗ ಯಾವ ಪುಸ್ತಕ ಓದ್ತಾ ಇದ್ದೀರಿ?



ನಮ್ಮೂರಿನಲ್ಲಿ ಯಾರು ಎದುರಿಗೆ ಸಿಕ್ಕಿದರೂ "ಊಟ ಆಯ್ತಾ?" ಎಂದು ಕೇಳುತ್ತಾರೆ. "ಮಳೆ ಹೆಂಗೆ?" ಎಂದೂ ಕೇಳುತ್ತಾರೆ. ಆದರೆ "ಈಗ ಯಾವ ಪುಸ್ತಕ ಓದ್ತಾ ಇದ್ದೀಯ?" ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಓದು ಅಂದರೆ ಪರೀಕ್ಷೆಗೆ ಓದುವುದು ಅಂತಲೇ ಎಲ್ಲರೂ ತಿಳಿದುಕೊಂಡಿದ್ದಾರೆ. ಆದ್ದರಿಂದ ಈ ಸಲದ ಗೋಡೆ ಪತ್ರಿಕೆಗಾಗಿ ನಾನು ನಮ್ಮ ತರಗತಿಯವರಿಗೆಲ್ಲ ಆ ಪ್ರಶ್ನೆ ಕೇಳಿದೆ. ಅವರು ಹೇಳಿದ್ದನ್ನೂ ಅದರಿಂದ ನನಗೆ ತಿಳಿದಿದ್ದನ್ನೂ ಇಲ್ಲಿ ಬರೆದಿದ್ದೇನೆ.

ಮೊದಲು ನನ್ನದನ್ನೇ ಹೇಳುತ್ತೇನೆ. ನಾನು ಓದುತ್ತಿರುವುದು 'ತೊತ್ತೋಚಾನ್'. ಇದು ಎರಡನೇ ಸಲ. ಬರೆದವರು ಜಪಾನ್ ದೇಶದ ತೆತ್ಸುಕೋ ಕುರೋಯಾನಗಿ. ಜಪಾನಿನಲ್ಲಿ ಇದು 1981ರಲ್ಲಿ ಪುಸ್ತಕವಾಗಿ ಬಂತು. ತೊತ್ತೋಚಾನ್ ಅಂದರೆ ಬೇರೆ ಯಾರೂ ಅಲ್ಲ, ಚಿಕ್ಕವರಾಗಿದ್ದಾಗ ಅವರೇ. ಒಂದನೇ ತರಗತಿಯಲ್ಲೇ ಅವಳನ್ನು ಶಾಲೆಯಿಂದ ಕಳಿಸಿಬಿಡುತ್ತಾರೆ. ಪಾಠ ನಡೆಯುವಾಗ ಕಿಟಕಿ ಹತ್ತಿರ ನಿಂತುಕೊಂಡು ಬೀದಿಯ ವಾದ್ಯದವರನ್ನು ಕರೆಯುತ್ತಿದ್ದಳಂತೆ! ಆಮೇಲೆ ಸೇರಿದ ತೊಮೊಯೆ ಶಾಲೆಯಲ್ಲಿ ತರಗತಿಗಳು ನಡೆಯುವುದು ಹಳೆಯ ರೈಲು ಬೋಗಿಗಳಲ್ಲಿ. ಅಲ್ಲಿಯ ಹೆಡ್‌ಮಾಸ್ಟರು ಕೊಬಾಯಾಶಿ ಮೊದಲನೇ ದಿನ ನಾಲ್ಕು ಗಂಟೆ ಹೊತ್ತು ಅವಳ ಮಾತನ್ನು ಕೇಳುತ್ತಾ ಕೂರುತ್ತಾರೆ. ಒಂದು ಬೋಗಿಯೇ ಲೈಬ್ರರಿ. ಯಾವ ತರಗತಿಯವರು ಯಾವ ಪುಸ್ತಕವನ್ನಾದರೂ ತೆಗೆದುಕೊಳ್ಳಬಹುದು. ಯುದ್ಧದ ಕಾಲದಲ್ಲಿ, 1945ರಲ್ಲಿ, ಬಾಂಬು ಬಿದ್ದು ಆ ಶಾಲೆ ಸುಟ್ಟುಹೋಯಿತು.

ನಮ್ಮ ಅಜ್ಜಿಗೆ ಓದಲು ಬರುವುದಿಲ್ಲ. ರಾತ್ರಿ ನಾನು ಜೋರಾಗಿ ಓದುತ್ತೇನೆ, ಅಜ್ಜಿ ಅವರೆಕಾಯಿ ಸುಲಿಯುತ್ತಾ ಕೇಳುತ್ತಾರೆ. ಅದರಲ್ಲಿ ಯಾಸುವಾಕಿ ಎಂಬ ಪೋಲಿಯೋ ಆದ ಹುಡುಗ ಬರುತ್ತಾನೆ. ಅವನು ತೊತ್ತೋಚಾನ್‌ಗೆ ಓದಲು ಒಂದು ಪುಸ್ತಕ ಕೊಟ್ಟಿರುತ್ತಾನೆ. ಅವಳು ವಾಪಸ್ಸು ಕೊಡುವ ಮೊದಲೇ ತೀರಿಹೋಗುತ್ತಾನೆ. ಅಲ್ಲಿಗೆ ಬಂದಾಗ ಅಜ್ಜಿ ಕಾಯಿ ಸುಲಿಯುವುದನ್ನು ನಿಲ್ಲಿಸಿ, "ಆ ಮಗ ಪುಸ್ತಕಾನ ಜ್ವಾಪಾನವಾಗಿ ಮಡೀಕಂಡ್ಲಾ?" ಎಂದು ಕೇಳಿದರು. ಕಿವಿಯಿಂದ ಓದುವವರೂ ಓದುಗರೇ ಎಂದು ನನಗೆ ಅನಿಸಿತು.

ಇನ್ನು ನಮ್ಮ ಹಿಂದಿನ ಸಾಲಿನ ಒಬ್ಬ ಹುಡುಗ. ಪಾಠ ಓದು ಅಂದರೆ ತಲೆ ಕೆಳಗೆ ಹಾಕುವವನು. ಅವನು ಈಗ ಪೂರ್ಣಚಂದ್ರ ತೇಜಸ್ವಿ ಅವರ 'ಕರ್ವಾಲೋ' ಓದುತ್ತಿದ್ದಾನೆ! ಇದು 1980ರಲ್ಲಿ ಬಂದ ಕಾದಂಬರಿ. ಅದರಲ್ಲಿ ಜೇನು ಹುಡುಕುವ ಮಂದಣ್ಣ ಇದ್ದಾನೆ. ಊರಿನವರಿಗೆ ಅವನು ಪೆದ್ದನ ಹಾಗೆ ಕಾಣುತ್ತಾನೆ. ಆದರೆ ಅವನಿಗೆ ಕಾಡಿನ ವಿಷಯ ಎಷ್ಟು ಗೊತ್ತು ಎಂಬುದು ವಿಜ್ಞಾನಿ ಕರ್ವಾಲೋ ಅವರಿಗೆ ತಿಳಿಯುತ್ತದೆ. ಎಲ್ಲರೂ ಸೇರಿ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ. ಹಾರುವ ಓತಿ ಬರೀ ಕತೆಯಲ್ಲ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ನಿಜವಾಗಿಯೂ ಇದೆ. ಉದ್ದವಾದ ಪಕ್ಕೆಲುಬುಗಳನ್ನು ಅಗಲಿಸಿದಾಗ ಅವುಗಳ ಮೇಲಿನ ಚರ್ಮ ರೆಕ್ಕೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಆಗ ಅದು ಒಂದು ಮರದಿಂದ ಇನ್ನೊಂದು ಮರಕ್ಕೆ ತೇಲಿಕೊಂಡು ಹೋಗುತ್ತದೆ. ಆ ಹುಡುಗನ ಸೋದರಮಾವ ಜೇನು ಕೀಳುತ್ತಾರೆ. "ಮಂದಣ್ಣ ನಮ್ ಮಾವನ ಥರಾನೇ ಕಣೇ" ಎಂದ. ಅವನಿಗೆ ಇಷ್ಟ ಆಗಿದ್ದು ಅದಕ್ಕೇ. ಓದಲು ಬಾರದವನು ಎಂದು ನಾವು ಯಾರನ್ನು ತಿಳಿದಿರುತ್ತೇವೋ ಅವರಿಗೆ ಅವರ ಪುಸ್ತಕ ಇನ್ನೂ ಸಿಕ್ಕಿಲ್ಲ, ಅಷ್ಟೆ.

ಒಬ್ಬ ಗೆಳತಿ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ತನ್ನ ತಮ್ಮನಿಗೆ ಓದಿ ಹೇಳುತ್ತಿದ್ದಾಳೆ. "ಅದು ಚಿಕ್ಕವರದು ಕಣೇ" ಎಂದು ನಾಚಿಕೊಂಡಳು. ಅದರಲ್ಲಿ ನಾಚಿಕೆ ಯಾಕೆ? ಆ ಕತೆ ಜರ್ಮನಿಯ ಹ್ಯಾಮೆಲಿನ್ ಎಂಬ ಊರಿನದು. ಇಂಗ್ಲಿಷ್ ಕವಿ ಬ್ರೌನಿಂಗ್ ಪದ್ಯ ಮಾಡಿದರು. ಅಲ್ಲಿಂದ ಕುವೆಂಪು ಅದನ್ನು ನಮ್ಮ ಹಳ್ಳಿಗೆ ಕರೆದುಕೊಂಡು ಬಂದರು. ಅಷ್ಟು ದೂರದಿಂದ ಬಂದ ಇಲಿಗಳು ಚಿಕ್ಕವರಿಗೆ ಮಾತ್ರ ಅಂದರೆ ಹೇಗೆ?

ಆದರೆ ಹೆಚ್ಚಿನವರು ಹೇಳಿದ್ದು "ಯಾವುದೂ ಇಲ್ಲ" ಎಂದು. ಯಾಕೆ ಎಂದು ಕೇಳಿದೆ. ಕೆಲವರಿಗೆ ಶಾಲೆ ಬಿಟ್ಟ ಮೇಲೆ ದನ ಕಟ್ಟುವುದು, ನೀರು ತರುವುದು, ಕೈಕೂಸು ನೋಡಿಕೊಳ್ಳುವುದು ಇರುತ್ತದೆ. ಆದರೆ ಇನ್ನೊಂದು ಕಾರಣವನ್ನು ಬಹಳ ಜನ ಹೇಳಿದರು. ಬೀರುವಿನಲ್ಲಿ ಯಾವ ಪುಸ್ತಕದಲ್ಲಿ ಏನಿದೆ ಅಂತಲೇ ಗೊತ್ತಾಗುವುದಿಲ್ಲ. ಎಲ್ಲದಕ್ಕೂ ಖಾಕಿ ರಟ್ಟು, ಬೆನ್ನಿನ ಮೇಲೆ ನಂಬರ್ ಮಾತ್ರ. ಇದು ನಿಜ. ಹೊರಗಿನಿಂದ ನೋಡಿದರೆ ಹುಲಿಯ ಕತೆಯೂ ವ್ಯಾಕರಣವೂ ಒಂದೇ ಥರ. ಒಳಗೆ ಏನಿದೆ ಎಂದು ಪುಸ್ತಕ ತಾನಾಗಿ ಹೇಳುವುದಿಲ್ಲ. ಓದಿದವರೇ ಬಾಯಿ ಬಿಟ್ಟು ಹೇಳಬೇಕು.

ದೊಡ್ಡವರು ಇದನ್ನು ಬಹಳ ಹಿಂದೆಯೇ ತಿಳಿದಿದ್ದರು. ಗ್ರಂಥಾಲಯ ಶಾಸ್ತ್ರದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಐದು ಸೂತ್ರಗಳನ್ನು ಕೊಟ್ಟರು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬ ಅರ್ಥದ ಮಾತು ಅದರಲ್ಲಿದೆ. ಅವರು ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲಿದ್ದು 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರು ಹುಟ್ಟಿದ ಆಗಸ್ಟ್ ತಿಂಗಳಲ್ಲಿ, 12ನೇ ತಾರೀಕು, ಗ್ರಂಥಪಾಲಕರ ದಿನ ಮಾಡುತ್ತಾರೆ. ಕಾದಂಬರಿಕಾರ ಗಳಗನಾಥರು (1869–1942) ತಮ್ಮ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರುತ್ತಿದ್ದರು. ನಮಗೆ ಅಷ್ಟು ಕಷ್ಟ ಬೇಡ. ಬಾಯಲ್ಲಿ ಹೇಳಿದರೆ ಸಾಕು.

ಓದಿ ಮುಗಿಸಿದ ಮೇಲೆ ಹೇಳೋಣ ಎಂದು ಕಾಯಬಾರದು ಅಂತ ನನ್ನ ಅಭಿಪ್ರಾಯ. ಮುಗಿಸಿದವರು "ಚೆನ್ನಾಗಿತ್ತು" ಎಂದು ಒಂದೇ ಮಾತು ಹೇಳುತ್ತಾರೆ. ನಡುವೆ ಇರುವವರಿಗೆ ಮುಂದೇನು ಎಂಬ ಆಸೆ ಇರುತ್ತದೆ. ಆ ಆಸೆ ಕೇಳುವವರಿಗೂ ಅಂಟುತ್ತದೆ. 'ಕರ್ವಾಲೋ' ಹುಡುಗ ಅರ್ಧ ಹೇಳಿ ನಿಲ್ಲಿಸಿದ್ದಕ್ಕೇ ಈಗ ಮೂರು ಜನ "ನಿಂದಾದ ಮೇಲೆ ನಂಗೆ ಕೊಡೋ" ಎಂದು ಕಾಯುತ್ತಿದ್ದಾರೆ.

ಹೇಳುವಾಗ ಇಷ್ಟನ್ನು ಹೇಳಿದರೆ ಸಾಕು:

1. ಪುಸ್ತಕದ ಹೆಸರು, ಬರೆದವರ ಹೆಸರು.
2. ಈಗ ಎಷ್ಟನೇ ಪುಟದಲ್ಲಿದ್ದೀರಿ.
3. ಇಷ್ಟವಾದ ಒಂದು ವಿಷಯ. ಕೊನೆಯನ್ನು ಮಾತ್ರ ಹೇಳಬಾರದು!
4. ಕಷ್ಟವಾದದ್ದು ಏನು. ಬೇಜಾರಾಗಿದ್ದರೆ ಅದನ್ನೂ ಹೇಳಿ.
5. ಇದು ಯಾರಿಗೆ ಇಷ್ಟ ಆಗಬಹುದು.

ಇದನ್ನು ಈಗಲೇ ಹೇಳುವುದಕ್ಕೆ ಒಂದು ಕಾರಣವಿದೆ. ಈ ವರ್ಷ ಮುಗಿದರೆ ನಾವು ಏಳನೆಯವರು ಈ ಶಾಲೆ ಬಿಡುತ್ತೇವೆ. ಕೆಲವರು ಹೈಸ್ಕೂಲಿಗೆ ಹೋಗುತ್ತೇವೆ. ಕೆಲವರನ್ನು ಮುಂದೆ ಕಳಿಸುತ್ತಾರೋ ಇಲ್ಲವೋ, ಅವರಿಗೇ ಗೊತ್ತಿಲ್ಲ. ಇಬ್ಬರು ಗೆಳತಿಯರ ಮನೆಯಲ್ಲಿ ಆಗಲೇ "ಸಾಕು ಓದಿದ್ದು" ಎನ್ನುತ್ತಿದ್ದಾರೆ. ಶಾಲೆ ಬಿಡಿಸಬಾರದು ಎಂದು ಗುರುಗಳು ಅವರ ಮನೆಗೆ ಹೋಗಿ ಹೇಳಬೇಕೆಂದು ಇಲ್ಲಿಂದಲೇ ಬೇಡಿಕೊಳ್ಳುತ್ತೇನೆ. ಏನೇ ಆದರೂ ಪುಸ್ತಕ ಬಿಡುವುದು ಬೇಡ. ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮ 2020ರಲ್ಲಿ ಶುರುವಾಯಿತು. ಅದರಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವಕ್ಕೆ ದುಡ್ಡಿಲ್ಲ. ಇನ್ನೂ ಕಾರ್ಡು ಮಾಡಿಸದವರು ಶಾಲೆ ಬಿಡುವ ಮುಂಚೆಯೇ ಮಾಡಿಸಿಕೊಳ್ಳಿ. ಒಬ್ಬೊಬ್ಬರೇ ಹೋಗಲು ಸಂಕೋಚವಾದರೆ ನಾಲ್ಕು ಜನ ಸೇರಿ ಹೋಗೋಣ.

ಈ ಪತ್ರಿಕೆಯ ಕೆಳಗೆ ಒಂದು ಬಿಳಿ ಹಾಳೆ ಅಂಟಿಸಿದ್ದೇನೆ. ಪಕ್ಕದಲ್ಲಿ ದಾರ ಕಟ್ಟಿದ ಪೆನ್ಸಿಲ್ ಇದೆ. ಈಗ ಓದುತ್ತಿರುವ ಪುಸ್ತಕವನ್ನು ಎಲ್ಲರೂ ಅದರಲ್ಲಿ ಬರೆಯಿರಿ. ನಾಲ್ಕನೇ ತರಗತಿಯವರೂ ಬರೆಯಬಹುದು. ಗುರುಗಳೂ ತಪ್ಪದೆ ಬರೆಯಬೇಕು, ಅವರು ಏನು ಓದುತ್ತಿದ್ದಾರೆ ಎಂದು ತಿಳಿಯಲು ನಮಗೆಲ್ಲ ಬಹಳ ಕುತೂಹಲವಿದೆ. ದಯವಿಟ್ಟು ಪೆನ್ಸಿಲ್ ಯಾರೂ ತೆಗೆದುಕೊಂಡು ಹೋಗಬೇಡಿ.

ಇಂತಿ,
ಏಳನೇ ತರಗತಿಯ ಒಬ್ಬಳು ವಿದ್ಯಾರ್ಥಿನಿ