ಅರಳು ಮರಳಿನ ಹಿಂದಿರುವ ಕತ್ತರಿ

ಅರವತ್ತಕ್ಕೆ ಅರಳು ಮರಳು ಅಂತ ನಮ್ಮ ಕಡೆ ಮಾತಿದೆ. ಮನೆಯ ಹಿರಿಯರು ಉಂಡದ್ದನ್ನು ಮರೆತರೆ, ಹೊಲದ ದಾರಿ ತಪ್ಪಿದರೆ ಈ ಮಾತು ಹೇಳಿ ಸುಮ್ಮನಾಗುತ್ತೇವೆ. ಆದರೆ ದಿನೇ ದಿನೇ ಹೆಚ್ಚುವ ಇಂಥ ಮರೆವು ಬರೀ ವಯಸ್ಸಿನದಲ್ಲ. ಎಷ್ಟೋ ಸಲ ಅದು ಅಲ್ಝೈಮರ್ ಕಾಯಿಲೆ. ಅದರೊಳಗೆ ಕಿಣ್ವಗಳ, ಅಂದ್ರೆ ಎಂಜೈಮ್‌ಗಳ, ಕೈವಾಡವಿದೆ.

ಕಿಣ್ವದ ಕೆಲಸ ನೋಡೋಕೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯವರು ದೂರ ಹೋಗಬೇಕಿಲ್ಲ. ತಂಬಾಕಿನ ಬ್ಯಾರನ್ ಸಾಕು. ಮೊದಲ ಹಂತದಲ್ಲಿ ಸುಮಾರು 35ರಿಂದ 40 ಡಿಗ್ರಿ ಶಾಖ, ಜೊತೆಗೆ ತೇವ. ಆಗ ಎಲೆಯೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ, ಹಸಿರು ಹೋಗಿ ಹಳದಿ ಬರುತ್ತದೆ. ಹಳದಿ ಬಂದ ಮೇಲೂ ತೇವ ಆರಿಸದೆ ಬಿಟ್ಟರೆ ಇನ್ನೊಂದು ಕಿಣ್ವ ಎಲೆಯನ್ನು ಕಂದು ಮಾಡುತ್ತದೆ. ಕಂದಾದ ಎಲೆ ಮತ್ತೆ ಹಳದಿ ಆಗಲ್ಲ.

ಈಗ ಮೆದುಳಿಗೆ ಬರೋಣ. ನರಕೋಶದ ಪೊರೆಯಲ್ಲಿ ಎಪಿಪಿ ಎಂಬ ಪ್ರೋಟೀನ್ ಇದೆ. ಆಲ್ಫಾ ಸಿಕ್ರಿಟೇಸ್ ಎಂಬ ಕಿಣ್ವ ಅದನ್ನು ಒಂದು ಜಾಗದಲ್ಲಿ ಕತ್ತರಿಸಿದರೆ ತೊಂದರೆಯಿಲ್ಲ. ಬದಲಿಗೆ ಮೊದಲು ಬೀಟಾ, ಆಮೇಲೆ ಗಾಮಾ ಸಿಕ್ರಿಟೇಸ್ ಕತ್ತರಿಸಿದರೆ ಅಮಿಲಾಯ್ಡ್ ಬೀಟಾ ಎಂಬ ತುಂಡು ಹುಟ್ಟುತ್ತದೆ. ಅದರಲ್ಲಿ 42 ಅಮೈನೋ ಆಮ್ಲಗಳಿರುವ ತುಂಡು ಬೇಗ ಅಂಟಿಕೊಂಡು ಗಂಟಾಗುತ್ತದೆ. ಇತ್ತ ಕೈನೇಸ್ ಎಂಬ ಕಿಣ್ವಗಳು ಟೌ ಪ್ರೋಟೀನಿಗೆ ಅತಿಯಾಗಿ ಫಾಸ್ಫೇಟ್ ಸೇರಿಸುತ್ತವೆ. ಆಗ ಅದು ಕೋಶದೊಳಗಿನ ಸಾಗಣೆಯ ಹಳಿಗಳನ್ನು ಬಿಟ್ಟು ತಾನೇ ಸಿಕ್ಕುಗಟ್ಟುತ್ತದೆ.

ಹಾಗಾದ್ರೆ ಕತ್ತರಿಯನ್ನೇ ನಿಲ್ಲಿಸಿಬಿಟ್ಟರೆ? ಇಂಜಿನಿಯರ್ ತಲೆಗೆ ಮೊದಲು ಹೊಳೆಯೋದು ಇದೇ. ಔಷಧ ಕಂಪನಿಗಳಿಗೂ ಹೊಳೆದಿತ್ತು. ಗಾಮಾ ಸಿಕ್ರಿಟೇಸ್ ತಡೆಯುವ ಸೆಮಗೆಸೆಸ್ಟ್ಯಾಟ್ ಪ್ರಯೋಗವನ್ನು 2010ರಲ್ಲಿ ನಿಲ್ಲಿಸಬೇಕಾಯಿತು. ರೋಗಿಗಳ ಸ್ಥಿತಿ ಇನ್ನೂ ಹದಗೆಟ್ಟಿತ್ತು, ಚರ್ಮದ ಕ್ಯಾನ್ಸರ್ ಹೆಚ್ಚಿತ್ತು. ಬೀಟಾ ತಡೆಯುವ ವೆರುಬೆಸೆಸ್ಟ್ಯಾಟ್‌ಗೂ ಫಲ ಸಿಗಲಿಲ್ಲ. ಯಾಕಂದ್ರೆ ಈ ಕತ್ತರಿಗಳಿಗೆ ಬೇರೆ ಕೆಲಸಗಳೂ ಇವೆ. ಗಾಮಾ ಸಿಕ್ರಿಟೇಸ್ ಕತ್ತರಿಸುವ ನಾಚ್ ಎಂಬ ಪ್ರೋಟೀನ್ ಜೀವಕೋಶಗಳ ಬೆಳವಣಿಗೆಗೇ ಬೇಕು.

ಹೊತ್ತಿನ ಪ್ರಶ್ನೆಯೂ ಇದೆ. ಮರೆವು ಕಾಣಿಸುವ 15-20 ವರ್ಷ ಮೊದಲೇ ಅಮಿಲಾಯ್ಡ್ ಕೂಡಲು ಶುರುವಾಗಿರುತ್ತದೆ. ಅಷ್ಟರಲ್ಲಿ ಎಲೆ ಕಂದಾಗಿದೆ ಅನ್ನಿ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಪಡೆದ ಲೆಕಾನೆಮ್ಯಾಬ್ ಕಿಣ್ವವನ್ನು ಮುಟ್ಟುವುದಿಲ್ಲ, ಗಂಟುಗಳನ್ನು ತೆಗೆಯುತ್ತದೆ. ಅದೂ ರೋಗವನ್ನು ಸ್ವಲ್ಪ ನಿಧಾನ ಮಾಡುತ್ತದೆ ಅಷ್ಟೇ, ಅದನ್ನು ಕೊಡೋದೂ ಆರಂಭದ ಹಂತದವರಿಗೆ ಮಾತ್ರ.

ಅದಕ್ಕೇ ಬೆಂಗಳೂರಿನ ಐಐಎಸ್‌ಸಿಯಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಗಮನಿಸುತ್ತಿದ್ದಾರೆ. ರೋಗ ಕಾಣುವ ಮೊದಲಿನ ಗುರುತುಗಳು ಅವರಿಗೆ ಬೇಕು.

ನಮ್ಮ ಪಾಲಿಗೂ ಕೆಲಸವಿದೆ. ಅಜ್ಜಿಯ ಮರೆವು ಹೆಚ್ಚುತ್ತಿದ್ದರೆ ಗಾದೆ ಹೇಳಿ ಕೂರಬೇಡಿ, ವೈದ್ಯರಿಗೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದ ಬಂದ ಮರೆವಾದರೆ ಅದಕ್ಕೆ ಚಿಕಿತ್ಸೆ ಇದೆ. ಅಲ್ಝೈಮರ್ ಆದರೂ, ಅಜ್ಜಿ ಬೇಕೂಂತ ಹಟ ಮಾಡ್ತಿಲ್ಲ ಅನ್ನೋದು ಮನೆಯವರಿಗೆ ಗೊತ್ತಾದರೆ ಬೈಗುಳವಾದರೂ ನಿಲ್ಲುತ್ತೆ.