ಕೇಕಿನ ಮೇಲೊಂದು ಪೂಕಳಂ, ತಿರುಗುಮುರುಗಾಗಿ

ಓಣಂ ರಜೆ ಶುರುವಾದರೆ ಕೊಚ್ಚಿಯ ಅಪಾರ್ಟ್‌ಮೆಂಟುಗಳಲ್ಲಿ ಮಕ್ಕಳದ್ದೇ ರಾಜ್ಯ. ತೃಪ್ಪೂಣಿತ್ತುರದಲ್ಲಿ ಅತ್ತಚ್ಚಮಯಂ ಮೆರವಣಿಗೆ ಹೊರಡುವ ಅತ್ತಂ ದಿನದಿಂದ ತಿರುವೋಣಂವರೆಗೆ ಹತ್ತು ದಿನ ಅಂಗಳದ ಪೂಕಳಂ ದಿನದಿನಕ್ಕೆ ದೊಡ್ಡದಾಗುತ್ತದೆ. ಈ ಸಲ ನಮ್ಮ ಕಾಕ್ಕನಾಡಿನ ಮನೆಯಲ್ಲಿ ಒಂದು ಪೂಕಳಂ ಕೇಕಿನ ಮೇಲೂ ಅರಳಿತು.

ಹೂವಿನ ಬದಲಿಗೆ ಅನಾನಸ್. ನಮ್ಮ ಎರ್ನಾಕುಳಂ ಜಿಲ್ಲೆಯ ವಾಳಕ್ಕುಳಂ ಅನಾನಸ್‌ಗೆ 2009ರಲ್ಲೇ ಭೌಗೋಳಿಕ ಮಾನ್ಯತೆ ಸಿಕ್ಕಿದೆ. ಮಕ್ಕಳ ಬಾಯಲ್ಲಿ ಅದು 'ಕೈದಚಕ್ಕ'. ಚಕ್ಕ ಅಂದರೆ ಹಲಸು. ನಡುವಿನ ದಿಂಡು ತೆಗೆದು ಬಿಲ್ಲೆ ಮಾಡಿ, ಬಟ್ಟೆಯಲ್ಲಿ ಒತ್ತಿ ನೀರು ಹೀರಿಸಬೇಕು. ಇಲ್ಲದಿದ್ದರೆ ಕೇಕಿನ ಮೇಲ್ಭಾಗ ಮೆತ್ತಗಾಗುತ್ತದೆ. ಬಿಲ್ಲೆಯ ತೂತಿಗೆ ಚೆರ್ರಿ, ಸುತ್ತ ಟೂಟಿ ಫ್ರೂಟಿ (ಅದು ಪರಂಗಿಕಾಯಿಯದು ಅಂದರೆ ಮಕ್ಕಳು ನಂಬಲೇ ಇಲ್ಲ).

ಈ ಕೇಕನ್ನು ಬೇಯಿಸಿದ ಮೇಲೆ ಮಗುಚುತ್ತಾರೆ. ತಳದ ಹಣ್ಣು ಮೇಲೆ ಬರುತ್ತದೆ, ಬರೆದದ್ದು ಕನ್ನಡಿಯಲ್ಲಿ ಕಂಡಂತೆ ಬರುತ್ತದೆ. ಮಗಳಿಗೆ ಅದರ ನಡುವೆ 'ಓಣಂ' ಎಂದು ಬರೆಯುವ ಹಟ. ಯಾವ ಲಿಪಿಯಲ್ಲಿ? ಕೇರಳದಲ್ಲಿ 2017ರ ಕಾನೂನಿನ ಪ್ರಕಾರ ಹತ್ತನೇ ತರಗತಿಯವರೆಗೆ ಶಾಲೆಯಲ್ಲಿ ಮಲಯಾಳ ಕಲಿಯಲೇಬೇಕು, ಕಲಿಯಲಿ. ಕನ್ನಡಕ್ಕೆ ಮಾತ್ರ ಮನೆಯೇ ಗತಿ, ಭಾನುವಾರದ ಕಾಪಿ ಪುಸ್ತಕವಂತೂ ಯುದ್ಧ. ಇವತ್ತು ಅವಳೇ ಪೆನ್ಸಿಲ್ ಹಿಡಿದು ಬಟರ್ ಪೇಪರ್ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದಳು. ಪೇಪರ್ ಮಗುಚಿ ಪಾತ್ರೆಯ ತಳಕ್ಕೆ ಹಾಸಿ, ಬೆಣ್ಣೆ ಸವರಿ, ಕೆಳಗಿನಿಂದ ಕಾಣುವ ಉಲ್ಟಾ ಗೆರೆಯ ಮೇಲೆ ಟೂಟಿ ಫ್ರೂಟಿ ಜೋಡಿಸಿದಳು. ಕೊನೆಯ ಸೊನ್ನೆಗೆ ಒಂದು ಚೆರ್ರಿ. ಅದು ಎರಡೂ ಲಿಪಿಯಲ್ಲಿ ಒಂದೇ, ಮಗುಚಿದರೂ ಅದೇ! ಇದನ್ನು ಕಂಡುಹಿಡಿದವನು ಐದು ವರ್ಷದ ಮಗ.

100 ಗ್ರಾಂ ಮರಯೂರು ಬೆಲ್ಲವನ್ನು ಎರಡು ಚಮಚ ನೀರಲ್ಲಿ ಕರಗಿಸಿ, ಬೆಣ್ಣೆ ಬೆರೆಸಿ ಹಣ್ಣಿನ ಮೇಲೆ ಸುರಿಯಿರಿ. ಒಲೆಯ ಬಳಿಯ ಈ ಕೆಲಸ ದೊಡ್ಡವರದ್ದು. ಒಂದು ಕಪ್ ಮೊಸರು, ಮುಕ್ಕಾಲು ಕಪ್ ಸಕ್ಕರೆ, ಒಂದು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಅಡುಗೆ ಸೋಡಾ ಕದಡಿ ಐದು ನಿಮಿಷ ಬಿಟ್ಟರೆ ನೊರೆ ಏಳುತ್ತದೆ. ಅರ್ಧ ಕಪ್ ಎಣ್ಣೆ, ಒಂದೂವರೆ ಕಪ್ ಮೈದಾ ಸೇರಿಸಿ ಹದವಾಗಿ ಕಲಸಿ. 180 ಡಿಗ್ರಿಯಲ್ಲಿ 40-45 ನಿಮಿಷ.

ತಿರುವನಂತಪುರದಲ್ಲಿರುವ ನನ್ನ ತಂಗಿಯ ಬಾಡಿಗೆ ಮನೆಯಲ್ಲಿ ಓವನ್ ಇಲ್ಲ. ಅವಳು ಕುಕ್ಕರಿನ ಗ್ಯಾಸ್ಕೆಟ್, ವಿಷಲ್ ತೆಗೆದು, ತಳಕ್ಕೆ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು ಬೇಯಿಸಿದಳು. ಸಣ್ಣ ಉರಿಯಲ್ಲಿ 50 ನಿಮಿಷ ಹಿಡಿಯಿತು. ಅವರು ಸಂಜೆ ಕನಕಕುನ್ನಿನ ದೀಪಾಲಂಕಾರ ನೋಡಲು ಹೊರಡಬೇಕಿತ್ತು, ಅವಳ ಮಕ್ಕಳು ಕುಕ್ಕರ್ ಬಿಟ್ಟು ಕದಲಲಿಲ್ಲವಂತೆ.

ಹತ್ತು ನಿಮಿಷ ಆರಿಸಿ ತಟ್ಟೆಗೆ ಮಗುಚಿದೆವು. ಪೇಪರ್ ಎಳೆದಾಗ 'ಣ'ದ ಬಾಲ ಸ್ವಲ್ಪ ಪಕ್ಕಕ್ಕೆ ಜರುಗಿತ್ತು, ಆದರೂ ಓದಬಹುದಿತ್ತು.

ತಿನ್ನುವಾಗ ಮಗನ ಪ್ರಶ್ನೆ: "ಊರಲ್ಲಿ ಅಜ್ಜಿ ದೀಪಾವಳಿಗೆ ಬಲೀಂದ್ರನನ್ನ ಕರೀತಾರಲ್ಲ, ಇಲ್ಲಿ ಮಾವೇಲಿ ಅಂತ ಈಗಲೇ ಬಂದಿದಾನೆ. ವರ್ಷಕ್ಕೆ ಎರಡು ಸಲ ರಜಾ ಸಿಗುತ್ತಾ ಅವನಿಗೆ?"

ಅಕ್ಕ ಕೇಕ್ ಬಾಯಲ್ಲಿಟ್ಟುಕೊಂಡೇ ಉತ್ತರ ಕೊಟ್ಟಳು, "ಅವನಿಗೂ ಎರಡು ಊರು ಕಣೋ."